ಹಿಂದೆ ಕೂರುವವಳ ಹೆಲ್ಮೆಟ್

ತಲೆಗೆ ಪೆಟ್ಟು ಬಿದ್ದು ವಾಸನೆ ಕಳೆದುಕೊಂಡವಳು ಈ ಊರಲ್ಲಿ ನಾನೊಬ್ಬಳೇ ಇರಲಾರೆ. ಆದರೆ ನನಗೆ ಹಾಗಾದಾಗ ಅಂಥ ಒಬ್ಬರೂ ಸಿಕ್ಕಲಿಲ್ಲ. ಕಣ್ಣು ಹೋದರೆ ಜನ ಅಯ್ಯೋ ಅನ್ನುತ್ತಾರೆ, ಕಿವಿ ಹೋದರೆ ಜೋರಾಗಿ ಮಾತಾಡುತ್ತಾರೆ. ಮೂಗು ಹೋಯಿತು ಎಂದರೆ ನಗುತ್ತಾರೆ. "ನಮ್ಮ ಮೋರಿ ಪಕ್ಕದ ರೋಡಲ್ಲಿ ಓಡಾಡೋಕೆ ನೀನೇ ಲಾಯಕ್ಕು ಬಿಡಕ್ಕ" ಎಂದು ನನ್ನ ಸ್ವಂತ ತಮ್ಮನೇ ಅಂದ. ಅವನ ಮುಂದೆ ನಾನೂ ನಕ್ಕೆ. ಆಮೇಲೆ ಬಚ್ಚಲಿಗೆ ಹೋಗಿ ನಲ್ಲಿ ಜೋರಾಗಿ ಬಿಟ್ಟುಕೊಂಡು ಅತ್ತೆ. ಹಾಗೆ ನಲ್ಲಿ ಬಿಟ್ಟುಕೊಂಡು ಅಳುತ್ತಿರುವವರು ಇನ್ನೊಬ್ಬರು ಎಲ್ಲಾದರೂ ಇದ್ದರೆ ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ನನ್ನ ಹೆಸರು ಸುಧಾ. ಮನೆ ಹೇರೋಹಳ್ಳಿ. ಹನ್ನೊಂದು ವರ್ಷದಿಂದ ಮನೆಯಲ್ಲೇ ಸಾರಿನ ಪುಡಿ, ಹುಳಿ ಪುಡಿ, ಚಟ್ನಿಪುಡಿ ಮಾಡಿ ಮಾರುತ್ತೇನೆ. ವಿಜಯನಗರದ ಎರಡು ಕಾಂಡಿಮೆಂಟ್ಸ್ ಅಂಗಡಿಗಳು, ಬಸವೇಶ್ವರನಗರದ ಇಪ್ಪತ್ತು ಮೂವತ್ತು ಮನೆಗಳು, ಇಷ್ಟೇ ನನ್ನ ವ್ಯಾಪಾರ. ಆದರೆ ಅದು ನನ್ನದು. ಮೆಂತ್ಯ ಹುರಿಯುವಾಗ ಒಂದು ಗಳಿಗೆ ಬರುತ್ತದೆ. ಹಸಿ ಕಹಿ ಹೋಗಿ ಘಮ ಏಳುವ ಗಳಿಗೆ. ಅದಾಗಿ ಹತ್ತು ಎಣಿಸುವಷ್ಟರಲ್ಲಿ ಇಳಿಸದಿದ್ದರೆ ಕಮರಿಹೋಗುತ್ತದೆ, ಇಡೀ ಪುಡಿ ಕೆಟ್ಟುಹೋಗುತ್ತದೆ. ನಾನು ಹಾಲಿನಲ್ಲಿ ಕೂತು ಸೊಪ್ಪು ಬಿಡಿಸುತ್ತಿದ್ದರೂ "ಚೈತ್ರಾ, ಇಳಿಸೇ!" ಎಂದು ಅಡುಗೆಮನೆಯಲ್ಲಿದ್ದ ಮಗಳಿಗೆ ಕೂಗುತ್ತಿದ್ದೆ. "ಅಮ್ಮನ ಮೂಗಲ್ಲಿ ಕ್ಯಾಮೆರಾ ಇದೆ" ಎಂದು ಅವಳು ಗೆಳತಿಯರ ಹತ್ತಿರ ಹೇಳಿಕೊಳ್ಳುತ್ತಿದ್ದಳು.

ನಮ್ಮನೆಯವರು ಮಂಜುನಾಥ. ರಾಜಾಜಿನಗರದ ಒಂದು ಸಣ್ಣ ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಹಾಳೆ ಕತ್ತರಿಸುವ ಮಿಷನ್ ಮೇಲೆ ಅವರ ಕೆಲಸ. ಮದುವೆ ಕಾಗದ, ಬಿಲ್ ಬುಕ್ಕು, ಸ್ಟಿಕ್ಕರು, ಎಲ್ಲಾ ಅಲ್ಲಿ ಆಗುತ್ತದೆ. ನನ್ನ ಪುಡಿ ಪ್ಯಾಕೆಟ್ಟಿನ ಮೇಲಿನ ಲೇಬಲ್ಲೂ ಅಲ್ಲೇ ಆಗಿದ್ದು. 'ಸುಧಾ ಅವರ ಮನೆಯ ಪುಡಿ, ಹದವಾಗಿ ಹುರಿದದ್ದು' ಎಂದು ಕೆಂಪಕ್ಷರದಲ್ಲಿ ಇದೆ. ಪ್ರೆಸ್ಸಿನಲ್ಲಿ ಮಿಕ್ಕ ವೇಸ್ಟ್ ಹಾಳೆಗಳನ್ನು ಅವರು ಮನೆಗೆ ತರುತ್ತಾರೆ. ಅವನ್ನು ಶೆಲ್ಫಿಗೆ ಹಾಸಿ ಮೇಲೆ ಡಬ್ಬ ಜೋಡಿಸುವುದು ನಮ್ಮ ಮನೆಯ ಪದ್ಧತಿ. ನನ್ನ ಧನಿಯಾ, ಜೀರಿಗೆ, ಮೆಣಸಿನಕಾಯಿ ಎಲ್ಲವೂ ಯಾರದೋ ಮದುವೆ ಕಾಗದದ ಮೇಲೆ ಕೂತಿರುತ್ತವೆ.

ಬೈಕಿನಲ್ಲಿ ಹಿಂದೆ ಕೂರುವವರೂ ಹೆಲ್ಮೆಟ್ ಹಾಕಲೇಬೇಕು ಎಂದಾದ ಮೇಲೆ ಬೆಂಗಳೂರಿನ ಪ್ರತಿ ಮನೆಯಲ್ಲೂ ಎರಡು ಹೆಲ್ಮೆಟ್ ಬಂದವು. ಒಂದು ಹೆಲ್ಮೆಟ್ಟು, ಇನ್ನೊಂದು 'ಸ್ಪೇರು'. ಹೆಲ್ಮೆಟ್ಟು ತಲೆಗೆ, ಸ್ಪೇರು ಪೊಲೀಸಿಗೆ. ಸಿಗ್ನಲ್ ಬರುವಾಗ ಹಾಕಿಕೊಳ್ಳುವುದು, ದಾಟಿದ ಮೇಲೆ ತೆಗೆದು ತೊಡೆ ಮೇಲೆ ಇಟ್ಟುಕೊಳ್ಳುವುದು. ಇದನ್ನು ಓದುತ್ತಿರುವ ನಿಮ್ಮ ಮನೆಯ ಸ್ಪೇರೂ ಹಾಗೇ ಇರಬಹುದು. ನಮ್ಮ ಹಳೇ ಸ್ಪೇರಿನ ಬಕಲ್ ಮುರಿದು ಹೋಗಿತ್ತು, ಅದಕ್ಕೆ ನಾನು ಒಂದು ಲಾಡಿ ಕಟ್ಟಿದ್ದೆ. ಅದೂ ಕಿತ್ತುಹೋದ ಮೇಲೆ ಹೊಸದು ಬೇಕಾಯಿತು.

ಇಬ್ಬರೂ ವಿಜಯನಗರದ ಒಂದು ಹೆಲ್ಮೆಟ್ ಅಂಗಡಿಗೆ ಹೋದೆವು. ನಾನು ಮೂರ್ನಾಲ್ಕು ಹಾಕಿ ನೋಡಿದೆ. ಮರೂನ್ ಬಣ್ಣದ್ದೊಂದು ತಲೆಗೆ ಸರಿಯಾಗಿ ಕೂತಿತು. ಕೆನ್ನೆ ಒತ್ತಿ ಹಿಡಿಯುತ್ತಿತ್ತು, ಆದರೆ ಉಸಿರು ಕಟ್ಟುತ್ತಿರಲಿಲ್ಲ. ಕನ್ನಡಿಯಲ್ಲಿ ನೋಡಿಕೊಂಡು "ಹೆಂಗಿದೀನ್ರೀ?" ಎಂದೆ.

"ಚಂದ್ರಲೋಕಕ್ಕೆ ಹೋಗೋಳ ಥರ ಇದೀಯ" ಎಂದು ನಕ್ಕರು. ಆಮೇಲೆ ಚೀಟಿ ತಿರುಗಿಸಿ ಬೆಲೆ ನೋಡಿದರು. "ಸ್ಪೇರ್‌ಗೆ ಇಷ್ಟೊಂದಾ? ನೀನು ಕೂರೋದೇ ವಾರಕ್ಕೆ ಎರಡು ಸಲ. ಬಿಡು, ಇದೇ ಕಂಪನಿದು ನಮ್ಮ ಪ್ರೆಸ್ ಹತ್ರ ಕಮ್ಮಿಗೆ ಸಿಗುತ್ತೆ. ನಾನೇ ತರ್ತೀನಿ."

ತಂದರು. ಕಪ್ಪು ಬಣ್ಣ, ಅರ್ಧ ತಲೆಗೆ ಬರುವಂಥದ್ದು, ಕೈಗೆ ಹಗುರ. ನಾನು ಹಿಂದೆ ಮುಂದೆ ತಿರುಗಿಸಿ "ಗಟ್ಟಿ ಇದೆಯೇನ್ರೀ ಇದು?" ಎಂದು ಕೇಳಿದೆ. ಅವರು ಹಿಂಬದಿಯ ಬಿಳಿ ಸ್ಟಿಕ್ಕರ್ ತೋರಿಸಿದರು. "ನೋಡು, ಐಎಸ್‌ಐ ಮಾರ್ಕ್ ಇದೆ. ಗೌರ್ಮೆಂಟೇ ಟೆಸ್ಟ್ ಮಾಡಿರೋದು." ಸರಿ ಎಂದುಕೊಂಡೆ. ನಿಜ ಹೇಳಬೇಕೆಂದರೆ ಖುಷಿಯೂ ಆಯಿತು. ಮುಡಿದ ಹೂವು ನಲುಗುವುದಿಲ್ಲ, ಕುತ್ತಿಗೆ ನೋಯುವುದಿಲ್ಲ. ಇಪ್ಪತ್ತು ವರ್ಷ ಸಂಸಾರ ಮಾಡಿದ ಗಂಡ ತಲೆಗೆ ತಂದುಕೊಟ್ಟಿದ್ದನ್ನು ಯಾವ ಹೆಂಡತಿ ಉಗುರಲ್ಲಿ ಕೆರೆದು ನೋಡುತ್ತಾಳೆ?

ಬಿದ್ದಿದ್ದು ದೊಡ್ಡ ಅಪಘಾತವೇನಲ್ಲ. ಹೇಳಿಕೊಳ್ಳಲು ಲಾರಿಯಿಲ್ಲ, ಕಾರಿಲ್ಲ. ನಮ್ಮ ಹೇರೋಹಳ್ಳಿ ರಸ್ತೆಯಲ್ಲಿ ಪೈಪು ಹಾಕಲು ಅಗೆದು ಮುಚ್ಚಿದ ಜಾಗದಲ್ಲಿ ಮಣ್ಣು ಕುಸಿದಿತ್ತು. ಬೆಳಗ್ಗೆ ಹತ್ತು ಗಂಟೆ. ನಾನು ಒಂದೇ ಕಡೆ ಕಾಲು ಹಾಕಿ ಕೂತಿದ್ದೆ, ಮಡಿಲಲ್ಲಿ ಪುಡಿಯ ಚೀಲ. ಮೇನ್ ರೋಡು ಹತ್ತಿರವಿತ್ತು ಅಂತ ಹೆಲ್ಮೆಟ್ ಹಾಕಿಕೊಂಡಿದ್ದೆ, ಬಕಲ್ಲೂ ಹಾಕಿದ್ದೆ. ಮುಂದಿನ ಚಕ್ರ ಗುಂಡಿಗೆ ಇಳಿದಾಗ ನಾನು ಹಿಂದಕ್ಕೆ ಬಿದ್ದೆ. ತಲೆಯ ಹಿಂಭಾಗ ರಸ್ತೆ ಅಂಚಿನ ಕಲ್ಲಿಗೆ ಬಡಿಯಿತು. ಹೆಲ್ಮೆಟ್ಟು ದೇವರ ಮುಂದೆ ಒಡೆದ ಕಾಯಿಯ ಹಾಗೆ ಎರಡು ಹೋಳಾಯಿತು. ಕೊನೆಯದಾಗಿ ನನಗೆ ನೆನಪಿರುವುದು ಒಡೆದ ಪ್ಯಾಕೆಟ್ಟಿನಿಂದ ಎದ್ದ ಹುಳಿ ಪುಡಿಯ ವಾಸನೆ. ನಾನು ಮೂಸಿದ ಕೊನೆಯ ವಾಸನೆಯೂ ಅದೇ. ಅವರಿಗೆ ಮೊಣಕೈ ತರಚಿತ್ತು, ಅಷ್ಟೇ.

ಆಸ್ಪತ್ರೆಯಲ್ಲಿ ಎಚ್ಚರವಾದಾಗ ತಲೆಗೆ ಹೊಲಿಗೆ ಹಾಕಿಯಾಗಿತ್ತು. ಸ್ಕ್ಯಾನ್ ನೋಡುತ್ತಿದ್ದ ಡಾಕ್ಟರು ನಮ್ಮನೆಯವರನ್ನು ಕೇಳಿದರು. "ಹೆಲ್ಮೆಟ್ ಹಾಕಿದ್ರಾ ಇವ್ರು?"

"ಹಾಕಿದ್ಲು ಸಾರ್. ಐಎಸ್‌ಐ ಹೆಲ್ಮೆಟ್ಟೇ."

"ಹಾಕಿದ್ರೆ ಇಷ್ಟು ನಿಧಾನಕ್ಕೆ ಬಿದ್ದಿದ್ದಕ್ಕೆ ಇಷ್ಟಾಗ್ಬಾರ್ದಿತ್ತಲ್ಲ" ಎಂದು ಡಾಕ್ಟರು ತಮ್ಮಷ್ಟಕ್ಕೆ ಅಂದುಕೊಂಡರು. ನಮ್ಮನೆಯವರು ಗೋಡೆ ಕಡೆ ನೋಡಿದರು. ಪಾಪ, ನನ್ನ ಸ್ಥಿತಿ ನೋಡಲಾಗುತ್ತಿಲ್ಲ ಎಂದು ನಾನು ತಿಳಿದುಕೊಂಡೆ. ಕೈ ಚಾಚಿ ಅವರ ಕೈ ಹಿಡಿದುಕೊಂಡೆ. ಅದನ್ನು ನೆನೆಸಿಕೊಂಡರೆ ಈಗಲೂ ಮೈಯೆಲ್ಲ ಉರಿಯುತ್ತದೆ.

ಹಿಂದೆ ಬಿದ್ದ ಪೆಟ್ಟಿಗೆ ಮಿದುಳು ಮುಂದಕ್ಕೆ ಬಡಿದು ಮುಂಭಾಗದಲ್ಲಿ ಸ್ವಲ್ಪ ರಕ್ತ ಕಟ್ಟಿದೆ, ಆಪರೇಷನ್ ಬೇಡ, ನಾಲ್ಕು ದಿನ ಕಣ್ಗಾವಲಿನಲ್ಲಿ ಇರಲಿ ಎಂದರು. ಆ ನಾಲ್ಕು ದಿನವೂ ಗಂಟೆಗೊಮ್ಮೆ ಬಂದು ಕಣ್ಣಿಗೆ ಬ್ಯಾಟರಿ ಬಿಟ್ಟು ಹೆಸರೇನು, ಊರೇನು ಎಂದು ಕೇಳುತ್ತಿದ್ದರು. ಒಂದು ಸಲ ಮಗಳ ಹೆಸರು ತಟ್ಟನೆ ನಾಲಗೆಗೆ ಬರಲಿಲ್ಲ. ಚೈತ್ರಾ ಎದುರಿಗೇ ನಿಂತಿದ್ದಳು. ಅವಳ ಮುಖ ಸಪ್ಪಗಾಗಿದ್ದು ಕಂಡು ನನಗೆ ಸಾವಿಗಿಂತ ಹೆಚ್ಚು ಭಯವಾಯಿತು. ಮೂರನೆಯ ದಿನ ವಾರ್ಡಿನ ಆಯಾ ಒಬ್ಬಳು ಬಿಸಿನೀರು ತಂದು, ಕೂದಲಲ್ಲಿ ಒಣಗಿ ಅಂಟಿದ್ದ ರಕ್ತವನ್ನು ಹೊಲಿಗೆಗೆ ತಾಗದ ಹಾಗೆ ಒಂದೊಂದೇ ಎಳೆ ಬಿಡಿಸಿ ಒರೆಸಿದಳು. ಯಾರೂ ಹೇಳಿರಲಿಲ್ಲ. "ಕೂದ್ಲು ಚೆನ್ನಾಗಿದೆ ಕಣಕ್ಕ, ಕತ್ತರಿಸಿಬಿಡ್ತಾರೇನೋ ಅಂತ ಹೊಟ್ಟೆ ಉರೀತಿತ್ತು" ಅಂದಳು. ಅವಳ ಹೊಟ್ಟೆ ತಣ್ಣಗಿರಲಿ.

ಮನೆಗೆ ಬಂದ ದಿನ ಚೈತ್ರಾ ಕಾಫಿ ಕೊಟ್ಟಳು. ಬಿಸಿನೀರಿಗೆ ಸಕ್ಕರೆ ಹಾಕಿದ ಹಾಗಿತ್ತು. "ಡಿಕಾಕ್ಷನ್ ಹಾಕೋದು ಮರೆತ್ಯೇನೇ?" ಎಂದೆ. ಲೋಟ ನೋಡಿದರೆ ಕಾಫಿ ಕಪ್ಪಗೇ ಇದೆ. ಅಡುಗೆಮನೆಗೆ ಹೋಗಿ ಇಂಗಿನ ಡಬ್ಬ ತೆರೆದು ಮೂಗಿಗೆ ಹಿಡಿದೆ. ಏನೂ ಇಲ್ಲ. ಜೀರಿಗೆ, ಲವಂಗ, ಕೊಬ್ಬರಿ, ಕೊನೆಗೆ ಸೀಮೆಎಣ್ಣೆಯ ಹಳೇ ಬಾಟಲಿ. ಏನೂ ಇಲ್ಲ. ಡಬ್ಬಗಳನ್ನೆಲ್ಲ ಸುತ್ತ ತೆರೆದಿಟ್ಟುಕೊಂಡು ನೆಲದ ಮೇಲೆ ಕೂತುಬಿಟ್ಟೆ. ಅಮ್ಮ ಫೋನಿನಲ್ಲಿ "ನೆಗಡಿ ಕಣೇ ಅದು, ಎರಡು ತೊಟ್ಟು ಬೆಳ್ಳುಳ್ಳಿ ಎಣ್ಣೆ ಬಿಟ್ಕೋ" ಎಂದಳು. ಬಿಟ್ಟುಕೊಂಡೆ. ಉರಿ ಬಂತು, ವಾಸನೆ ಬರಲಿಲ್ಲ.

ಮೂಗಿನ ಡಾಕ್ಟರು ವಯಸ್ಸಾದವರು, ಆತುರವಿಲ್ಲದವರು. ಕಣ್ಣು ಮುಚ್ಚಿಸಿ ಒಂದೊಂದೇ ಸೀಸೆ ಹಿಡಿದು "ಇದೇನು?" ಎಂದು ಕೇಳಿದರು. ನಾನು ಸ್ಕೂಲಿನಲ್ಲಿ ಪಾಠ ಓದದೆ ಬಂದ ಹುಡುಗಿಯ ಥರ ಊಹೆ ಮಾಡಿ ಹೇಳಿದೆ. ಎಲ್ಲಾ ತಪ್ಪು. "ಮೂಗಿನ ಮೇಲ್ಗಡೆ ಕೂದಲಿಗಿಂತ ಸಣ್ಣ ನರ ಇರ್ತವಮ್ಮ. ತಲೆ ಜೋರಾಗಿ ಅಲುಗಿದ್ರೆ ಕಿತ್ತು ಹೋಗ್ತವೆ. ಒಂದು ವರ್ಷದೊಳಗೆ ಬಂದ್ರೆ ಬರ್ಬೋದು. ಬರ್ದೇನೂ ಇರ್ಬೋದು. ಸುಳ್ಳು ಹೇಳಲ್ಲ" ಅಂದರು. ಲವಂಗ, ನಿಂಬೆ ಸಿಪ್ಪೆ, ಗುಲಾಬಿ, ನೀಲಗಿರಿ ಎಣ್ಣೆ ಈ ನಾಲ್ಕನ್ನು ಬೆಳಗ್ಗೆ ಸಂಜೆ ಮೂಸಬೇಕು, ಮೂಸುವಾಗ ಆ ವಾಸನೆಯನ್ನು ನೆನೆಸಿಕೊಳ್ಳಬೇಕು ಎಂದು ಹೇಳಿಕೊಟ್ಟರು. ಸುಳ್ಳು ಹೇಳಲ್ಲ ಎಂದ ಆ ಒಂದು ಮಾತಿಗೆ ನಾನು ಅವರಿಗೆ ಋಣಿ. ಆಗ ಮಾತ್ರ ಆ ಮಾತಿನ ಬೆಲೆ ನನಗೆ ಗೊತ್ತಿರಲಿಲ್ಲ.

ಎರಡು ತಿಂಗಳಾದ ಮೇಲೆ ಮತ್ತೆ ಬಾಣಲೆ ಇಟ್ಟೆ. ಒಮ್ಮೆ ಹಾಲು ಉಕ್ಕಿ ಒಲೆ ಆರಿ ಗ್ಯಾಸು ಸೋರುತ್ತಿದ್ದರೂ ಗೊತ್ತಾಗದೆ ಪಕ್ಕದಲ್ಲೇ ಸೌತೆಕಾಯಿ ಹೆಚ್ಚುತ್ತಿದ್ದೆ. ಪಕ್ಕದ ಮನೆಯವರು ಓಡಿಬಂದು ಆರಿಸಿದ್ದರು. ಅಂಥವಳು ಮೆಂತ್ಯ ಹುರಿಯುವುದೆಂದರೆ ಹುಡುಗಾಟವೇ? ರುಚಿ ನೋಡೋಣವೆಂದರೆ ಹದವಾದರೂ ಕಮರಿದರೂ ನಾಲಗೆಗೆ ಎಲ್ಲಾ ಒಂದೇ. ನಮ್ಮನೆಯವರು ಧೈರ್ಯ ಕೊಟ್ಟರು. "ನಾವಿದೀವಲ್ಲ ಕಣೇ. ನಾನು, ಚೈತ್ರಾ ಇಬ್ರೂ ಮೂಸಿ ಹೇಳ್ತೀವಿ. ನೀನು ಹುರಿ." ಅಷ್ಟು ಹೊತ್ತಿಗೆ ನಾನು ಬೈಕು ಹತ್ತುವುದನ್ನೇ ಬಿಟ್ಟಿದ್ದೆ, ಪುಡಿ ತಲುಪಿಸುವ ಕೆಲಸವನ್ನೂ ಅವರೇ ವಹಿಸಿಕೊಂಡರು. ನಾನು ಹುರಿದು ತಟ್ಟೆಗೆ ಹಾಕಿ ಮುಂದೆ ಹಿಡಿಯುವುದು, ಅವರು ಬಗ್ಗಿ ಮೂಸಿ "ಘಮ್ ಅಂತಿದೆ" ಎನ್ನುವುದು. ಚೈತ್ರಾ "ಸೂಪರ್ ಅಮ್ಮ" ಎನ್ನುವುದು. ವಾರದ ಕೊನೆಗೆ ಮಾರಿದ ದುಡ್ಡು ತಂದು ನನ್ನ ಕೈಗೆ ಕೊಡುತ್ತಿದ್ದರು. ಮೂಗು ಹೋದರೂ ಕೈ ಹೋಗಿಲ್ಲ ಎಂದು ನಾನು ಎಲ್ಲರಿಗೂ ಹೇಳಿಕೊಂಡು ತಿರುಗಿದೆ. ದೇವರಿಗೆ ತುಪ್ಪದ ದೀಪ ಹಚ್ಚಿದೆ.

ಹೀಗೆ ನಾಲ್ಕು ತಿಂಗಳು. ಆಮೇಲೊಂದು ದಿನ ಮೂಗಿನ ಡಾಕ್ಟರ ರೂಮಿನ ಹೊರಗಡೆ ಬೆಂಚಿನ ಮೇಲೆ ಕೂತಿದ್ದಾಗ ವಿಮಲಮ್ಮ ಸಿಕ್ಕರು. ಬಸವೇಶ್ವರನಗರದವರು, ರಿಟೈರಾದ ಟೀಚರು, ನನ್ನ ಪುಡಿಗೆ ಮೊದಲ ದಿನದಿಂದ ಗಿರಾಕಿ. ಕಿವಿಗೆ ಮಿಷನ್ ಹಾಕಿಸಲು ಬಂದಿದ್ದರು. ನಾನು ಹೋಗಿ ಪಕ್ಕದಲ್ಲಿ ಕೂತು "ಯಾವಾಗ ಬಂದ್ರಿ ಅಮ್ಮ, ಮಗನ ಮನೆಯಿಂದ?" ಎಂದೆ. ಅವರು ಮಗನ ಮನೆಗೆ ಹೋಗಿದ್ದಾರೆ, ಅದಕ್ಕೇ ಫೋನ್ ಮಾಡುತ್ತಿಲ್ಲ ಎಂದು ನಮ್ಮನೆಯವರು ಹೇಳಿದ್ದರು.

"ಯಾವ ಮಗನ ಮನೆ? ನಾನೆಲ್ಲೂ ಹೋಗಿಲ್ಲವಲ್ಲ!" ವಿಮಲಮ್ಮ ಕಿವಿ ಕೇಳದವರ ದನಿಯಲ್ಲಿ, ಇಡೀ ಬೆಂಚಿಗೆ ಕೇಳುವಂತೆ ಮಾತಾಡಿದರು. "ಮೂರು ಸಲ ಪುಡಿ ವಾಪಸ್ ಕೊಟ್ಟು ಕಳಿಸಿದೆ ಕಣಮ್ಮ. ಮೆಂತ್ಯ ಕಮರಿ ಬಾಯಿಗಿಡೋಕಾಗ್ತಿರಲಿಲ್ಲ. ಹುಷಾರಿಲ್ಲ ಪಾಪ, ಸುಧಾರಿಸ್ಕೊಂಡು ಮಾಡ್ಲಿ ಅಂತ ನಿನ್ನ ಗಂಡನಿಗೆ ಹೇಳಿದ್ನಲ್ಲ. ಆಮೇಲೆ ಅವ್ರೇ ಬಂದು, ಸುಧಾ ಪುಡಿ ಮಾಡೋದು ನಿಲ್ಲಿಸಿದ್ದಾಳೆ ಅಂದ್ರು. ಹೇಳಿಲ್ವಾ?"

ಒಳಗಿನಿಂದ ನನ್ನ ನಂಬರ್ ಕೂಗಿದರು. ನಾನು ಏಳಲಿಲ್ಲ. ಪಕ್ಕದವರು ಭುಜ ತಟ್ಟಿ ಹೇಳಿದ ಮೇಲೆ ಎದ್ದೆ.

ಮನೆಗೆ ಬಂದವಳು ಜಗಳ ಆಡಲಿಲ್ಲ. ನನಗೆ ಖಾತ್ರಿ ಬೇಕಿತ್ತು. ಮಾರನೇ ದಿನ ಸಂಜೆ ಒಂದು ಬಟ್ಟಲು ಮೆಂತ್ಯವನ್ನು ಬಾಣಲೆಗೆ ಹಾಕಿ, ಕರ್ರಗೆ ಇದ್ದಿಲಿನಂತೆ ಆಗುವವರೆಗೆ ಹುರಿದೆ. ಬೇಕೆಂದೇ. ಹೊಗೆ ಮನೆ ತುಂಬಿತು, ಕಣ್ಣುರಿ ಬಂತು, ಎದುರು ಮನೆಯವರು ಕಿಟಕಿ ಮುಚ್ಚಿದ್ದು ಕೇಳಿಸಿತು. ಅದನ್ನು ಮೆಣಸಿನಪುಡಿ ಜೊತೆ ಸೇರಿಸಿ ಬಣ್ಣ ಗೊತ್ತಾಗದಂತೆ ಪುಡಿ ಮಾಡಿ, ಅವರು ಪ್ರೆಸ್ಸಿನಿಂದ ಬಂದು ಶೂ ಬಿಚ್ಚುತ್ತಿದ್ದಾಗ ಮುಂದೆ ಹಿಡಿದೆ.

"ಹೆಂಗಿದೆ ನೋಡಿ ಹೇಳ್ರೀ."

ಅವರು ಬಗ್ಗಿದರು. ಕೆಮ್ಮು ಬಂತು, ತಡೆದುಕೊಂಡರು. ನನ್ನ ಮುಖ ನೋಡಿ ನಕ್ಕರು. "ಘಮ್ ಅಂತಿದೆ ಕಣೇ. ಗೇಟ್ ಹತ್ರಾನೇ ಬರ್ತಿತ್ತು."

ಚೈತ್ರಾ ಬಾಗಿಲಲ್ಲಿ ನಿಂತಿದ್ದಳು. "ನೀನೂ ಹೇಳೇ" ಎಂದು ತಟ್ಟೆ ಅವಳ ಕಡೆ ತಿರುಗಿಸಿದೆ. ಅವಳು ಅಳುತ್ತಾ ರೂಮಿಗೆ ಓಡಿದಳು. ಎಲ್ಲಾ ಅಲ್ಲೇ ಬಯಲಾಯಿತು. ಎರಡು ಅಂಗಡಿಯವರೂ, ಗಿರಾಕಿ ಮನೆಗಳವರೂ ಪುಡಿ ಬೇಡ ಎಂದು ಮೂರು ತಿಂಗಳಾಗಿತ್ತು. ನಾನು ಮಾಡಿದ್ದನ್ನೆಲ್ಲ ನಮ್ಮನೆಯವರು ಹೇರೋಹಳ್ಳಿ ಕೆರೆ ಪಕ್ಕದ ಕಸದ ರಾಶಿಗೆ ಸುರಿದು ಬರುತ್ತಿದ್ದರು. ವಾರದ ದುಡ್ಡು ಅವರ ಓವರ್‌ಟೈಮಿನದು.

"ನೀನು ಎದ್ದು ಓಡಾಡ್ತಿದ್ದೆ ಕಣೇ. ನಗ್ತಿದ್ದೆ. ಹೆಂಗೆ ಹೇಳ್ಲಿ?" ಎಂದು ಅವರೂ ಅತ್ತರು.

ನನಗೆ ಅವಮಾನವಾಯಿತು. ನನ್ನ ಹೆಸರಿನ ಲೇಬಲ್ ಹಚ್ಚಿಕೊಂಡು ಕಮರಿದ ಪುಡಿ ಊರಿನ ಅಡುಗೆಮನೆಗಳಿಗೆ ಹೋಗಿತ್ತಲ್ಲ, ಹದವಾಗಿ ಹುರಿದದ್ದು ಎಂದು ಹೇಳಿಕೊಂಡು! ಸಿಟ್ಟು ಬಂತು. ಆದರೆ ಸುಳ್ಳು ಹೇಳಬೇಕೆಂದರೆ ಮೂರು ತಿಂಗಳು ಓವರ್‌ಟೈಮ್ ಮಾಡಬೇಕಲ್ಲ, ಅಷ್ಟು ಮಾಡಿದ್ದು ನನ್ನ ಮೇಲಿನ ಅಕ್ಕರೆಗೇ ತಾನೇ ಎಂದೂ ಅನ್ನಿಸಿತು. ಎರಡು ದಿನ ಮಾತು ಬಿಟ್ಟೆ. ಮೂರನೇ ದಿನ ಅವರ ತಟ್ಟೆಗೆ ತುಪ್ಪ ಹಾಕಿದೆ. ನಮ್ಮ ಮನೆಯಲ್ಲಿ ರಾಜಿ ಎಂದರೆ ಅದೇ. ಅಷ್ಟಕ್ಕೇ ಮುಗಿದಿದ್ದರೆ ನಾನು ಈ ಕಥೆಯನ್ನು ನಗುತ್ತಾ ಹೇಳುತ್ತಿದ್ದೆನೋ ಏನೋ.

ಆ ಭಾನುವಾರ, ಎಲ್ಲಾ ಹೊಸದಾಗಿ ಶುರು ಮಾಡೋಣ ಎಂದು ಪುಡಿಯ ಶೆಲ್ಫು ತೊಳೆಯಲು ಹೊರಟೆ. ಡಬ್ಬ ಇಳಿಸಿ ಹಳೇ ಹಾಳೆಗಳನ್ನು ಎಳೆದೆ. ಮೇಲಿನದು ಯಾವುದೋ ಗೃಹಪ್ರವೇಶದ ಕಾಗದ. ಅದರ ಕೆಳಗಿನ ಹಾಳೆಯ ತುಂಬ ಸಣ್ಣ ಸಣ್ಣ ಬಿಳಿ ಚೌಕಗಳು, ಇನ್ನೂ ಕತ್ತರಿಸದ ಸ್ಟಿಕ್ಕರುಗಳು. ಪ್ರತಿಯೊಂದರಲ್ಲೂ ಐಎಸ್‌ಐ ಮಾರ್ಕು. ಮಾರ್ಕಿನ ಕೆಳಗಿನ ನಂಬರಿನ ಕೊನೆಯ ಅಂಕಿ ಪ್ರತಿಯೊಂದರಲ್ಲೂ ಅರ್ಧ ಮಾತ್ರ ಮೂಡಿತ್ತು.

ಒಡೆದ ಹೆಲ್ಮೆಟ್ಟಿನ ಹೋಳುಗಳು ಮೆಟ್ಟಿಲ ಕೆಳಗೆ ಗೋಣಿಚೀಲದಲ್ಲಿದ್ದವು. ಎಸೆಯಬೇಡಿ ಎಂದು ನಾನೇ ಹೇಳಿದ್ದೆ, ಜೀವ ಉಳಿಸಿದ್ದು ಎಂಬ ಭಾವನೆಗೆ. ಹಿಂಬದಿಯ ಹೋಳನ್ನು ತಂದು ಹಾಳೆಯ ಪಕ್ಕ ಇಟ್ಟೆ. ಅದೇ ನಂಬರು. ಅದೇ ಅರ್ಧ ಅಂಕಿ. ಉಗುರು ಹಾಕಿದೆ, ಸ್ಟಿಕ್ಕರು ಸಲೀಸಾಗಿ ಎದ್ದು ಬಂತು. ಒಳಗಿನ ಥರ್ಮಾಕೋಲು ಬೆರಳು ಒತ್ತಿದರೆ ಪುಡಿಯಾಗುತ್ತಿತ್ತು. ಮಿಕ್ಸಿ ಡಬ್ಬದಲ್ಲಿ ಬರುವ ಥರ್ಮಾಕೋಲು ಅದಕ್ಕಿಂತ ಗಟ್ಟಿ ಇರುತ್ತದೆ.

ಅವರು ಹಾಲಿನಲ್ಲಿ ಪೇಪರ್ ಓದುತ್ತಿದ್ದರು. ಎರಡನ್ನೂ ಪೇಪರಿನ ಮೇಲೆ ಇಟ್ಟೆ.

"ಏನ್ರೀ ಇದು?"

ನೋಡಿದ ಕೂಡಲೇ ಅವರಿಗೆ ಗುರುತು ಸಿಕ್ಕಿತು. "ಪ್ರೆಸ್‌ದು" ಎಂದರು, ತುಂಬ ಸಣ್ಣ ದನಿಯಲ್ಲಿ.

"ಪ್ರೆಸ್‌ದು ಅಂತ ನಂಗೂ ಕಾಣ್ತಿದೆ. ನನ್ನ ತಲೆ ಮೇಲೆ ಹೆಂಗೆ ಬಂತು?"

"ಪ್ರೆಸ್ ಹತ್ರ ಫುಟ್‌ಪಾತಲ್ಲಿ ಹೆಲ್ಮೆಟ್ ಮಾರ್ತಾನಲ್ಲ, ಅವ್ನು ಆರ್ಡರ್ ಕೊಟ್ಟಿದ್ದ. ಓನರ್ ಒಪ್ಕೊಂಡ್ರು. ಕಟ್ ಮಾಡಿದ್ದು ನಾನೇ. ಖುಷಿಗೆ ಅಂತ ಒಂದು ಹೆಲ್ಮೆಟ್ ಕೊಟ್ಟ."

"ಡೂಪ್ಲಿಕೇಟ್ ಅಂತ ಗೊತ್ತಿತ್ತು."

"ಪೊಲೀಸ್ನೋರಿಗೆ ತಾನೇ ಕಣೇ ಅಂದ್ಕೊಂಡೆ. ಎಲ್ಲಾರ ಮನೇಲೂ ಸ್ಪೇರ್ ಅಂದ್ರೆ ಹಂಗೇ..."

"ಹಾಗಾದ್ರೆ ನೀವೂ ಅಂಥದ್ದೇ ಹಾಕ್ಕೋಬೇಕಿತ್ತು!"

ಅವರದ್ದು ಒಳ್ಳೇ ಅಂಗಡಿಯಲ್ಲಿ ಆರಿಸಿ ತಂದ ಹೆಲ್ಮೆಟ್ಟು. ಬಾಗಿಲ ಹಿಂದಿನ ಮೊಳೆಗೆ ಅಲ್ಲೇ ನೇತಾಡುತ್ತಿತ್ತು. ನಾವಿಬ್ಬರೂ ಅದನ್ನೇ ನೋಡಿದೆವು.

ಬಿದ್ದಾಗ ಆಗದ ನೋವು ಆಗ ಆಯಿತು. ಗುಂಡಿಗೆ ನನ್ನ ಹೆಸರು ಗೊತ್ತಿರಲಿಲ್ಲ, ಕಲ್ಲಿಗೆ ಗೊತ್ತಿರಲಿಲ್ಲ. ಇವರಿಗೆ ಗೊತ್ತಿತ್ತಲ್ಲ! "ಐಎಸ್‌ಐ ಹೆಲ್ಮೆಟ್ಟೇ ಸಾರ್" ಎಂದು ಡಾಕ್ಟರ ಮುಂದೆ, ನನ್ನ ಹೊಲಿಗೆ ಹಾಕಿದ ತಲೆಯ ಪಕ್ಕ ನಿಂತು ಹೇಳಿದ್ದರಲ್ಲ! ಗೌರ್ಮೆಂಟ್ ಟೆಸ್ಟ್ ಮಾಡಿದೆ ಎಂದ ಬಾಯಿ, ಘಮ್ ಅಂತಿದೆ ಎಂದ ಬಾಯಿ ಎರಡೂ ಒಂದೇ. ಅಕ್ಕರೆಯಿಂದ ಹೇಳಿದ ಸುಳ್ಳು ಯಾವುದು, ಉಳಿತಾಯಕ್ಕೆ ಹೇಳಿದ ಸುಳ್ಳು ಯಾವುದು ಎಂದು ನಾನು ಹೇಗೆ ಬೇರೆ ಮಾಡಲಿ? ಅದನ್ನು ಮೂಸಿ ಹೇಳುವ ಮೂಗನ್ನೇ ಅವರು ಕಳೆದಿದ್ದರು. ತುಪ್ಪ ಹಾಕಿದ್ದು ವಾಪಸ್ ತೆಗೆದುಕೊಳ್ಳುವ ಹಾಗಿದ್ದರೆ ತೆಗೆದುಕೊಳ್ಳುತ್ತಿದ್ದೆ.

ನೀವೂ ನನ್ನ ಥರ ಮನೆಯವರಿಂದಲೇ ಏಟು ತಿಂದು ಮಲಗಿದ್ದರೆ, ಒಂದು ಮಾತು ಕೇಳಿ. ಕಾಯಿಲೆಯವಳು ಸಿಟ್ಟು ಮಾಡಿಕೊಳ್ಳಬಾರದು, ನೋಡಿಕೊಳ್ಳುವವರಿಗೆ ಬೇಜಾರಾಗುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಅಮ್ಮನೂ ಹೇಳಿದಳು. "ಹೊಡೆಯಲ್ಲ, ಕುಡಿಯಲ್ಲ, ಇನ್ನೇನೇ ಬೇಕು ನಿಂಗೆ?" ನಾನು ಸಿಟ್ಟು ಮಾಡಿಕೊಂಡೆ. ತಿಂಗಳುಗಟ್ಟಲೆ. ಅದರಿಂದ ಮೂಗು ಬರಲಿಲ್ಲ, ಆದರೆ ಬೆಳಗ್ಗೆ ಏಳಲು ಕಾಲಿಗೆ ಶಕ್ತಿ ಬಂತು. ಮೊದಲು ಎರಡೂ ಅಂಗಡಿಗೆ, ಆಮೇಲೆ ಒಂದೊಂದೇ ಮನೆಗೆ ಹೋಗಿ ಹೇಳಿದೆ. "ನನಗೆ ವಾಸನೆ ಬರಲ್ಲ. ನಿಮಗೆ ಕಮರಿದ ಪುಡಿ ಕೊಟ್ಟಿದೀನಿ. ತಪ್ಪಾಯ್ತು." ಕೆಲವರು ಬಾಗಿಲು ಹಾಕಿಕೊಂಡರು. ವಿಮಲಮ್ಮ ಒಳಗೆ ಕರೆದು ಕೂರಿಸಿದರು. "ನನ್ನ ಕಿವಿ ಹೋಗಿದೆ, ಮೂಗಿದೆ. ಹುರಿದಿದ್ದನ್ನ ಡಬ್ಬೀಲಿ ಹಾಕ್ಕೊಂಡು ಬಾ. ಚೆನ್ನಾಗಿಲ್ದಿದ್ರೆ ಮುಖದ ಮೇಲೇ ಹೇಳ್ತೀನಿ, ಅತ್ರೆ ಅಳು" ಎಂದರು.

ಈಗ ಪ್ರತಿ ಸೋಮವಾರ ನಾಲ್ಕು ಡಬ್ಬಿ ಹಿಡಿದು ಬಸ್ಸಿನಲ್ಲಿ ಅವರ ಮನೆಗೆ ಹೋಗುತ್ತೇನೆ. ಸರಿಯಾದ ಹದದ ಮೆಂತ್ಯವನ್ನು ಒಂದು ಗಾಜಿನ ಸೀಸೆಯಲ್ಲಿ ಇಟ್ಟುಕೊಂಡಿದ್ದೇನೆ, ಬಣ್ಣ ಅದಕ್ಕೆ ಹೋಲಿಸಿ, ಫೋನಿನಲ್ಲಿ ನಿಮಿಷ ಇಟ್ಟುಕೊಂಡು ಹುರಿಯುತ್ತೇನೆ. ಮೊದಲ ಸಲ ವಿಮಲಮ್ಮ "ಥೂ, ಎಸಿ ಇದನ್ನ" ಎಂದಾಗ ನನಗೆ ಎಷ್ಟು ನಿರಾಳವಾಯಿತೆಂದರೆ ಅವರ ಕೈ ಹಿಡಿದುಕೊಂಡು ನಕ್ಕುಬಿಟ್ಟೆ. ಒಂದು ಅಂಗಡಿ ವಾಪಸ್ ಬಂತು. ವರ್ಷ ಕಳೆಯಿತು. ನಾಲ್ಕು ಸೀಸೆಗಳನ್ನು ಈಗಲೂ ಬೆಳಗ್ಗೆ ಸಂಜೆ ಮೂಸುತ್ತೇನೆ. ಲವಂಗ ಮೂಗಿಗೆ ಚುರುಕ್ಕೆನ್ನುತ್ತದೆ. ಅದು ಉರಿಯೇ ಹೊರತು ವಾಸನೆಯಲ್ಲ, ಇನ್ನು ಬರುವುದು ಕಷ್ಟ ಎಂದು ಡಾಕ್ಟರು ಹೇಳಿದ್ದಾರೆ. ಅವರು ಸುಳ್ಳು ಹೇಳುವುದಿಲ್ಲ.

ಪುಡಿಯ ಚೀಲ ಭಾರವಾದಂತೆ ಬಸ್ಸು ಕಷ್ಟವಾಯಿತು. "ಬೈಕಲ್ಲಿ ಬಿಡ್ತೀನಿ ಬಾರೇ" ಎಂದು ನಮ್ಮನೆಯವರು ಹಲವು ಸಲ ಕೇಳಿದ್ದರು. "ಹೆಲ್ಮೆಟ್ ನಾನೇ ಆರಿಸ್ತೀನಿ. ನೀವು ಸುಮ್ಮನೆ ನಿಂತ್ಕೋಬೇಕು" ಎಂದೆ. ಅದೇ ವಿಜಯನಗರದ ಅಂಗಡಿಗೆ ಹೋದೆವು.

ಅಂಗಡಿಯವನು ಟೇಪು ತಂದು ನನ್ನ ತಲೆ ಅಳೆದ. ನಾನು ಇವರದ್ದೂ ಅಳೆಯಿರಿ ಎಂದೆ. "ಎರಡೂ ಒಂದೇ ಸೈಜ್ ಮೇಡಂ, ಐವತ್ತೆಂಟು" ಎಂದ. ಇಷ್ಟು ವರ್ಷ ಮೊಳೆಗೆ ನೇತಾಡುತ್ತಿದ್ದ ಹೆಲ್ಮೆಟ್ಟು ನನ್ನ ತಲೆಗೂ ಸರಿಹೊಂದುತ್ತಿತ್ತು ಎಂದು ಆಗ ಗೊತ್ತಾಯಿತು. ಅವರು ಮೇಲಿನ ಸಾಲಿನಿಂದ ಎಲ್ಲಕ್ಕಿಂತ ದುಬಾರಿಯದನ್ನು ಇಳಿಸಿದರು. "ಇದು ತಗೋ ಕಣೇ. ಎಷ್ಟಾದ್ರೂ ಆಗ್ಲಿ."

"ಸ್ಪೇರ್‌ಗೆ ಅಷ್ಟೊಂದಾ?" ಎಂದೆ. ಅವರು ಅದನ್ನು ವಾಪಸ್ ಇಟ್ಟರು.

ನಾನು ಅರ್ಧ ಗಂಟೆ ತೆಗೆದುಕೊಂಡೆ. ಒಳಗಿನ ಥರ್ಮಾಕೋಲನ್ನು ಹೆಬ್ಬೆರಳಲ್ಲಿ ಒತ್ತಿದೆ. ಪಟ್ಟಿಯ ಹೊಲಿಗೆ ಜಗ್ಗಿದೆ. ಹಾಕಿಕೊಂಡು ಬಕಲ್ ಬಿಗಿದು ಹಿಂದಿನಿಂದ ಮುಂದಕ್ಕೆ ತಳ್ಳಿ ನೋಡಿದೆ, ಕಳಚಿ ಬರುತ್ತದೆಯೇ ಎಂದು. ಮಾರ್ಕಿನ ಕೆಳಗೆ ನಂಬರ್ ಪೂರ್ತಿ ಇದೆಯೇ ಓದಿದೆ, ಉಗುರಿನಿಂದ ಕೆರೆದೆ. ಅಂಗಡಿಯವನು "ಒರಿಜಿನಲ್ ಮೇಡಂ" ಎಂದು ಗೊಣಗಿದ. ಕೊನೆಗೆ ಬೂದು ಬಣ್ಣದ ಸಾದಾ ಹೆಲ್ಮೆಟ್ಟೊಂದು ಎಲ್ಲಕ್ಕೂ ನಿಂತಿತು. ನಾವು ಮೂವರು ಹೋಟೆಲ್ಲಿಗೆ ಹೋಗಿ ಊಟ ಮಾಡಿದರೆ ಎಷ್ಟಾಗುತ್ತದೋ ಅಷ್ಟೇ ಅದರ ಬೆಲೆ. ನನ್ನ ಮೂಗು ಉಳಿಯಲು ಅಷ್ಟು ಸಾಕಾಗಿತ್ತೇನೋ.

ಅವರು ಬಗ್ಗಿ ಮಾರ್ಕು ನೋಡಿದರು. "ಇದು ಒರಿಜಿನಲ್ಲೇ ಕಣೇ. ಪ್ರಿಂಟ್ ನೋಡಿದ್ರೆ ನನಗೆ ಗೊತ್ತಾಗುತ್ತೆ."

"ಅವತ್ತೂ ಗೊತ್ತಾಗಿತ್ತು" ಎಂದೆ.

ಅವರು ತಲೆ ತಗ್ಗಿಸಿದರು. ಅಂಥ ಸ್ಟಿಕ್ಕರು ಇನ್ನು ಮುಟ್ಟುವುದಿಲ್ಲ ಎಂದು ಪ್ರೆಸ್ಸಿನಲ್ಲಿ ಹೇಳಿದ್ದೇನೆ ಎಂದು ಅವರು ಈಚೆಗೆ ಹೇಳಿದ್ದರು. ಇರಬಹುದು. ನಾನು ಹೋಗಿ ಕೇಳಿಲ್ಲ. ಕ್ಷಮಿಸಿದ್ದೇನೆಯೇ ಎಂದರೆ, ಇಲ್ಲ. ಒಂದೇ ಮನೆಯಲ್ಲಿದ್ದೇವೆ, ಒಂದೇ ಅನ್ನ ತಿನ್ನುತ್ತೇವೆ, ಅವರ ತಟ್ಟೆಗೆ ತುಪ್ಪ ಅವರೇ ಹಾಕಿಕೊಳ್ಳುತ್ತಾರೆ.

ಹೊರಗೆ ಬೈಕಿನ ಹತ್ತಿರ ಅವರು ಅಭ್ಯಾಸದಂತೆ ಹೊಸ ಹೆಲ್ಮೆಟ್ಟನ್ನು ನನಗೆ ಚಾಚಿದರು. ನಾನು ಕನ್ನಡಿಗೆ ಸಿಕ್ಕಿಸಿದ್ದ ಅವರ ಹೆಲ್ಮೆಟ್ಟನ್ನು ತೆಗೆದುಕೊಂಡೆ.

"ಸ್ಪೇರು ನೀವು ಹಾಕ್ಕೊಳ್ಳಿ."

ಅವರು ಹಾಕಿಕೊಂಡರು. ಬಕಲ್ ಬಿಗಿದರು. ಏನಾದರೂ ಹೇಳಬೇಕೆಂದು "ಹೊಸ ಪ್ಲಾಸ್ಟಿಕ್ ವಾಸನೆ ಬರ್ತಿದೆ ಕಣೇ" ಎಂದರು.

ನಾನು ಅವರದನ್ನು ತಲೆಗೆ ಇಳಿಸಿದೆ. ಆರು ವರ್ಷ ಅವರು ಹಾಕಿ ಹಾಕಿ ಒಳಗಿನ ಬಟ್ಟೆ ಎಣ್ಣೆ ಹೀರಿ ಕಪ್ಪಾಗಿತ್ತು. ಆ ಕೊಬ್ಬರಿ ಎಣ್ಣೆ, ಬೆವರು, ಪ್ರೆಸ್ಸಿನ ಇಂಕು ಎಲ್ಲಾ ಸೇರಿದ ವಾಸನೆ ನನಗೆ ಕಣ್ಣು ಮುಚ್ಚಿದರೂ ಗೊತ್ತಾಗುತ್ತಿತ್ತು. ಸಂಜೆ ಅವರು ಗೇಟು ತೆಗೆಯುವ ಮೊದಲೇ ಬಂದರು ಎಂದು ಚೈತ್ರಾಗೆ ಹೇಳುತ್ತಿದ್ದೆ. ಗಾಜು ಇಳಿಸಿ, ಜೋರಾಗಿ ಉಸಿರೆಳೆದುಕೊಂಡೆ. ನೀಲಗಿರಿ ಎಣ್ಣೆಗೆ ಮಾಡುವ ಹಾಗೆ, ಆ ವಾಸನೆಯನ್ನು ನೆನೆಸಿಕೊಂಡು ಮತ್ತೊಮ್ಮೆ ಎಳೆದುಕೊಂಡೆ. ಏನೂ ಬರಲಿಲ್ಲ.

"ಕೂತ್ಯಾ?" ಎಂದು ಅವರು ಕೇಳಿದರು.

"ಕೂತೆ. ಹೊರಡಿ" ಎಂದೆ. ಅವರ ಹೆಗಲು ಹಿಡಿಯಲಿಲ್ಲ. ಸೀಟಿನ ಹಿಂದಿನ ಕಬ್ಬಿಣ ಹಿಡಿದುಕೊಂಡೆ.